ಮುಖ ಬೆಳ್ಳಗಾಯಿತು, ಕಾಲು ಯಾಕೆ ಊದಿತು?

ಉಡುಪಿ ಕಡೆಯ ಓದುಗರೊಬ್ಬರ ಪತ್ರ: “ಗಲ್ಫ್‌ನಿಂದ ಬಂದ ನೆಂಟರು ಕೊಟ್ಟ ಕ್ರೀಮನ್ನು ನನ್ನ ತಂಗಿ ಐದು ತಿಂಗಳಿಂದ ರಾತ್ರಿ ಹಚ್ಚುತ್ತಿದ್ದಾಳೆ. ಬಣ್ಣ ಬಂದದ್ದು ನಿಜ. ಈಗ ಕಾಲು ಬಾತಿದೆ, ಬೆಳಿಗ್ಗೆ ಕಣ್ಣಿನ ಸುತ್ತ ಊದಿರುತ್ತದೆ. ಕ್ರಿಯಾಟಿನಿನ್ ನಾರ್ಮಲ್ ಇರುವುದರಿಂದ ಕಿಡ್ನಿ ಸರಿ ಇದೆ ಅಂದರು. ಕ್ರೀಮಿಗೂ ಇದಕ್ಕೂ ಸಂಬಂಧ ಉಂಟಾ? ಅವಳ ಮೂರು ವರ್ಷದ ಮಗ ಪಕ್ಕದಲ್ಲೇ ಮಲಗುತ್ತಾನೆ.”

ಸಂಪಾದಕರ ಉತ್ತರ:

ಸಂಬಂಧ ಇರುವ ಸಾಧ್ಯತೆ ಸಾಕಷ್ಟಿದೆ. ಇವತ್ತೇ ಕ್ರೀಮು ನಿಲ್ಲಿಸಲಿ. ಆದರೆ ಡಬ್ಬಿ, ರಟ್ಟಿನ ಪೆಟ್ಟಿಗೆ ಎರಡನ್ನೂ ಎಸೆಯಬೇಡಿ; ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಡಿ. ವೈದ್ಯರಿಗೂ ಔಷಧ ನಿಯಂತ್ರಣ ಇಲಾಖೆಗೂ ಅದು ಬೇಕಾಗುತ್ತದೆ.

ಇಂಥ ಕ್ರೀಮುಗಳಲ್ಲಿ ನಾವು ಅನುಮಾನಿಸುವುದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪಾದರಸದ ಲವಣ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ, ಹಾಗಾಗಿ ಬಣ್ಣ ಬೇಗ ತಿಳಿಯಾಗುತ್ತದೆ. ಆದರೆ ಅದು ಚರ್ಮದಲ್ಲಿ ನಿಲ್ಲುವುದಿಲ್ಲ; ರಕ್ತಕ್ಕೆ ಇಳಿದು ಮೂತ್ರಪಿಂಡದಲ್ಲಿ ಸೇರಿಕೊಳ್ಳುತ್ತದೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಅರಿಯದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಪಾಲು (1 ಪಿಪಿಎಂ) ಮೀರಬಾರದು. 20 ಗ್ರಾಂ ಡಬ್ಬಿಯಲ್ಲಿ ಅದು 0.02 ಮಿಲಿಗ್ರಾಂ. ಬೇಕೆಂದೇ ಬೆರೆಸಿದ ಕ್ರೀಮಿನಲ್ಲಿ ಪಾದರಸ ಶೇ. 1 ಇದ್ದರೆ ಅದೇ ಡಬ್ಬಿಯಲ್ಲಿ 200 ಮಿಲಿಗ್ರಾಂ!

ಪೆಟ್ಟಿಗೆಯ ಮೇಲೆ ಕ್ಯಾಲೊಮೆಲ್, ಮರ್ಕ್ಯೂರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ, ಮರ್ಕ್ಯುರಿಕ್ ಅಯೋಡೈಡ್ ಎಂಬ ಹೆಸರುಗಳಿವೆಯೇ ನೋಡಿ. “ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ ತಾಗಿಸಬೇಡಿ” ಎಂಬ ಎಚ್ಚರಿಕೆಯಿದ್ದರೆ ಪಾದರಸವೇ ಇರಬೇಕೆಂದು ಊಹಿಸಬಹುದು. ಏನೂ ಬರೆದಿಲ್ಲವೆಂದರೆ ಏನೂ ಇಲ್ಲ ಎಂದಲ್ಲ. ಹಲವರು ಬರೆಯುವುದೇ ಇಲ್ಲ.

ಈಗ ಕ್ರಿಯಾಟಿನಿನ್, ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ತ್ಯಾಜ್ಯದ ವಿಷಯ. ಅದು ಏರುವುದು ಕಿಡ್ನಿಯ ಶುದ್ಧೀಕರಣ ಶಕ್ತಿ ಸಾಕಷ್ಟು ಕುಗ್ಗಿದ ಮೇಲೆ. ಪಾದರಸದ ಪೆಟ್ಟು ಕಿಡ್ನಿಯ ಸೋಸುವ ಪೊರೆಗೂ ಬೀಳುತ್ತದೆ. ಪ್ರೋಟೀನು ಮೂತ್ರಕ್ಕೆ ಸೋರುತ್ತದೆ, ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಇಳಿಯುತ್ತದೆ, ನೀರು ಕಾಲಿಗೂ ಕಣ್ಣಿನ ರೆಪ್ಪೆಗೂ ತುಂಬುತ್ತದೆ. ಆ ಹಂತದಲ್ಲಿ ಕ್ರಿಯಾಟಿನಿನ್ ನಾರ್ಮಲ್ ಇರುವುದು ಅಚ್ಚರಿಯಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಇಂಥದೇ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಗಮನಿಸಿದರು. ಅವರಲ್ಲಿ 15 ಮಂದಿಗಿದ್ದದ್ದು ನೆಲ್-1 (NELL-1) ಎಂಬ ಪ್ರೋಟೀನಿಗೆ ಸಂಬಂಧಿಸಿದ ಬಗೆ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು.

ಹಾಗಾಗಿ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಬಳಿ ಹೋಗಿ, ಕ್ರೀಮಿನ ವಿಷಯ ಮುಚ್ಚಿಡದೆ ಹೇಳಿ. ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ, ರಕ್ತದ ಅಲ್ಬುಮಿನ್, ಬಿಪಿ ನೋಡಬೇಕು. ಅನುಪಾತ ಸಾಮಾನ್ಯವಾಗಿ 0.2ಕ್ಕಿಂತ ಕೆಳಗಿರುತ್ತದೆ, 3ರ ಆಸುಪಾಸು ಅಥವಾ ಮೇಲಿದ್ದರೆ ಬಯಾಪ್ಸಿಯ (ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷಿಸುವ) ಮಾತು ಬರಬಹುದು, ಹೆದರಬೇಡಿ.

ಪಾದರಸದ ಪರೀಕ್ಷೆಯಲ್ಲಿ ಕರಾವಳಿಯವರು ಒಂದು ಸಂಗತಿ ನೆನಪಿಡಬೇಕು. ದಿನಾ ಮೀನು ತಿನ್ನುವವರ ರಕ್ತದಲ್ಲಿ ಮೀನಿನ ಪಾದರಸವೂ ಕಾಣುತ್ತದೆ. ಕ್ರೀಮಿನ ಪಾದರಸ ಹೆಚ್ಚು ಸ್ಪಷ್ಟವಾಗಿ ತಿಳಿಯುವುದು ಮೂತ್ರದಲ್ಲಿ. ಪಾದರಸದ ಸಂಪರ್ಕವಿಲ್ಲದವರ ಮೂತ್ರದಲ್ಲಿ ಅದು ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 5 ಮೈಕ್ರೋಗ್ರಾಂ ದಾಟುವುದು ಅಪರೂಪ. ಮಾದರಿಗೆ ಲ್ಯಾಬ್‌ನವರು ಕೊಟ್ಟ ಡಬ್ಬಿಯನ್ನೇ ಬಳಸಿ. ಪಾದರಸ ಹೊರಹಾಕುವ ಔಷಧವನ್ನು (ಕೀಲೇಷನ್) ಪರೀಕ್ಷೆಗೆ ಮೊದಲು ತೆಗೆದುಕೊಂಡರೆ ಅಂಕಿ ಏರಿ ದಾರಿ ತಪ್ಪಿಸುತ್ತದೆ; ಅದು ಬೇಕೇ ಬೇಡವೇ ಎಂಬುದು ತಜ್ಞರ ತೀರ್ಮಾನ. ನಿದ್ದೆ ಬಾರದಿರುವುದು, ಕೈ ನಡುಗುವುದು, ಸಿಡುಕು, ಮರೆವು ಇದ್ದರೆ ಅವನ್ನೂ ಹೇಳಿ.

ಮಗುವನ್ನೂ ಪರೀಕ್ಷಿಸಿ, ಕ್ರೀಮು ಅವನಿಗೆ ಹಚ್ಚಿರಬೇಕೆಂದೇನಿಲ್ಲ. ಪಾದರಸ ಆವಿಯಾಗುತ್ತದೆ, ತಾಯಿಯ ಕೈ, ದಿಂಬು, ಟವೆಲ್ ಮೂಲಕವೂ ದಾಟುತ್ತದೆ. ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಸುಲಿಯುವುದು, ವಿಪರೀತ ಬೆವರು, ಕಾಲುನೋವು, ಕಾರಣವಿಲ್ಲದ ಹಠ ಮಕ್ಕಳಲ್ಲಿ ಸುಳಿವುಗಳು. ಆ ದಿಂಬಿನ ಕವರು, ಟವೆಲ್‌ಗಳನ್ನು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಮೆಷಿನ್ನಿಗೂ ಅಂಟುತ್ತದೆ. ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಕಟ್ಟಿ, ಕಸದ ಗಾಡಿಗೆ ‘ಅಪಾಯಕಾರಿ ಮನೆ ಕಸ’ ಎಂದು ಹೇಳಿ ಪ್ರತ್ಯೇಕವಾಗಿ ಕೊಡಿ. ಸುಡುವುದಂತೂ ಬೇಡವೇ ಬೇಡ.

ಕ್ರೀಮು ಬಿಟ್ಟ ಮೇಲೆ ದೇಹದ ಪಾದರಸ ಅರ್ಧಕ್ಕಿಳಿಯಲು ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಪ್ರೋಟೀನ್ ಸೋರಿಕೆ ನಿಲ್ಲಲು ಇನ್ನೂ ತಡವಾಗಬಹುದು. ಅಷ್ಟರಲ್ಲಿ ಮುಖದ ಹಳೆಯ ಬಣ್ಣ ಮರಳುತ್ತದೆ, ಆಗ ಇನ್ನೊಂದು ಡಬ್ಬಿಗೆ ಕೈ ಚಾಚುವ ಆಸೆ ಬರುವುದು ಸಹಜ. ಮುಖ ಕೆಂಪಾಗಿ ಉರಿದರೆ ಕ್ರೀಮಿನಲ್ಲಿ ಸ್ಟೀರಾಯ್ಡ್ ಕೂಡ ಇದ್ದಿರಬಹುದು. ಆಗ ಚರ್ಮರೋಗ ತಜ್ಞರಿಗೆ ತೋರಿಸಿ, ಅಲ್ಲಿಯವರೆಗೆ ತಣ್ಣೀರು, ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಸಾಕು.