ಡಿಸ್ಕಸ್ ಪಕ್ಕದ ಅಬೌಟ್ ತೆಗೆಯಿರಿ

ನಿಮ್ಮ ಮೇಲ್‌ನಲ್ಲಿ 'ವಿ ವಿಲ್ ಡಿಸ್ಕಸ್ ಅಬೌಟ್ ದಿ ಬಜೆಟ್' ಅನ್ನುವ ಸಾಲಿಗೆ ಮ್ಯಾನೇಜರ್ ಯಾಕೆ ಕೆಂಪು ಗೆರೆ ಎಳೆದರು ಅಂತ ಕೇಳಿದ್ದೀರಿ. ಬಹುಶಃ ಆ 'ಅಬೌಟ್'ಗಾಗಿ. ಉಳಿದದ್ದು ಸರಿಯಾಗಿದೆ. ನಾವು 'ಬಜೆಟ್ ಬಗ್ಗೆ ಚರ್ಚಿಸೋಣ' ಅಂತ ಯೋಚಿಸುತ್ತೇವಲ್ವಾ, ಆ 'ಬಗ್ಗೆ' ಹಾಗೇ ಇಂಗ್ಲಿಷಿಗೂ ಬಂದುಬಿಡುತ್ತದೆ. ನಿಮ್ಮ ಪುಣೆ ಆಫೀಸಿನಲ್ಲಿ ಇದು ಸುಮಾರು ಜನರಿಗೆ ತಪ್ಪು ಅನ್ನಿಸದೇ ಇರಬಹುದು, ಯಾಕಂದ್ರೆ ಮರಾಠಿಯಲ್ಲೂ 'ಬದ್ದಲ್ ಚರ್ಚಾ' ಅಂತಲೇ ಹೇಳುತ್ತಾರೆ.

ಮೊದಲು 'ಅಬೌಟ್' ತೆಗೆದುಬಿಡಿ: 'ವಿ ವಿಲ್ ಡಿಸ್ಕಸ್ ದಿ ಬಜೆಟ್'. ಆಮೇಲೆ ಯಾರ ಜೊತೆ ಅಂತ ಹೇಳಬೇಕಿದ್ದರೆ 'ವಿತ್' ಸೇರಿಸಿ: 'ಐ ಡಿಸ್ಕಸ್ಡ್ ದಿ ಬಜೆಟ್ ವಿತ್ ದಿ ಕ್ಲೈಂಟ್'. ಈ 'ವಿತ್' ಮಾತ್ರ ಬಿಡಬೇಡಿ. ಸುಮ್ನೆ 'ಐ ಡಿಸ್ಕಸ್ಡ್ ದಿ ಕ್ಲೈಂಟ್' ಅಂತ ಬರೆದರೆ ಕ್ಲೈಂಟ್ ಬಗ್ಗೆಯೇ ಬೇರೆಯವರ ಹತ್ತಿರ ಮಾತಾಡಿದಿರಿ ಅಂತ ಅರ್ಥ ಆಗುತ್ತದೆ.

ಜಾಸ್ತಿ ಗೊಂದಲ ಆಗುವುದು ನಾಮಪದದಲ್ಲಿ. 'ಎ ಡಿಸ್ಕಶನ್ ಅಬೌಟ್ ದಿ ಬಜೆಟ್' ಪೂರ್ತಿ ಸರಿ, 'ಟಾಕ್ ಅಬೌಟ್' ಕೂಡ ಸರಿ. ಇವನ್ನು ಕೇಳಿ ಕೇಳಿಯೇ 'ಡಿಸ್ಕಸ್' ಜೊತೆಗೂ 'ಅಬೌಟ್' ಅಂಟಿಕೊಳ್ಳುತ್ತದೆ. 'ರಿಕ್ವೆಸ್ಟ್' ಕಥೆಯೂ ಇದೇ: 'ಐ ರಿಕ್ವೆಸ್ಟೆಡ್ ಲೀವ್' ಅನ್ನುವಾಗ 'ಫಾರ್' ಬೇಡ, 'ಮೈ ರಿಕ್ವೆಸ್ಟ್ ಫಾರ್ ಲೀವ್' ಅನ್ನುವಾಗ ಬೇಕು.

ನೀವು ಒಂದೇ ಸಾಲು ಹಾಕಿದ್ದೀರಿ, ಮೇಲ್‌ನಲ್ಲಿ ಬೇರೆ ಕಡೆಯೂ ಇರಬಹುದು. ಕಳಿಸುವ ಮುಂಚೆ 'ಅಬೌಟ್' ಅಂತ ಸರ್ಚ್ ಮಾಡಿ ಅದರ ಹಿಂದಿನ ಪದ ನೋಡಿ. 'ಡಿಸ್ಕಸ್', 'ಡಿಸ್ಕಸ್ಡ್', 'ಡಿಸ್ಕಸಿಂಗ್' ಇದ್ದರೆ ಅಳಿಸಿ, 'ಡಿಸ್ಕಶನ್' ಇದ್ದರೆ ಹಾಗೇ ಬಿಡಿ.