ಓದುಗರ ಪ್ರಶ್ನೆ: ಎಎಂ ರೇಡಿಯೊದಲ್ಲಿ ಗಾಸ್ಪೆಲ್ ಹಾಡುಗಳೇಕೆ?

ಪ್ರಶ್ನೆ: ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪ್ರಯಾಣಿಸುವಾಗ ಕಾರಿನ ರೇಡಿಯೊದ ಎಎಂ (ಮಧ್ಯಮ ತರಂಗ) ಪಟ್ಟಿಯಲ್ಲಿ ಮತ್ತೆ ಮತ್ತೆ ಗಾಸ್ಪೆಲ್ ಹಾಡುಗಳು, ಅಂದರೆ ಮುಖ್ಯವಾಗಿ ಅಲ್ಲಿನ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಕ್ರೈಸ್ತ ಭಕ್ತಿಗೀತೆಗಳು, ಕೇಳಿಬಂದವು. ಈ ಕೇಂದ್ರಗಳನ್ನು ಚರ್ಚುಗಳು ನಡೆಸುತ್ತವೆಯೇ? ಎಫ್‌ಎಂ ಇರುವಾಗ ಇವು ಎಎಂನಲ್ಲಿಯೇ ಉಳಿದಿರುವುದೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೆಲವನ್ನು ಚರ್ಚುಗಳು ನಡೆಸುತ್ತವೆ, ಎಲ್ಲವನ್ನೂ ಅಲ್ಲ. ಈ ಪರಂಪರೆಯನ್ನು ಬೆಳೆಸಿದ್ದರಲ್ಲಿ ಭಕ್ತಿಯಷ್ಟೇ ಪಾಲು ವ್ಯಾಪಾರಕ್ಕೂ ಸಲ್ಲಬೇಕು. ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಇಬ್ಬರು ಬಿಳಿಯ ಮಾಲೀಕರು 1947ರಲ್ಲಿ ಡಬ್ಲ್ಯುಡಿಐಎ ಎಂಬ ಕೇಂದ್ರವನ್ನು ಕೇವಲ 250 ವಾಟ್ ಶಕ್ತಿಯಿಂದ ಆರಂಭಿಸಿದರು. ಅದು ಕೇಳುಗರಿಲ್ಲದೆ ಸೊರಗಿದಾಗ, ನಗರದ ದೊಡ್ಡ ಕಪ್ಪು ಸಮುದಾಯವನ್ನು ಉಳಿದ ಕೇಂದ್ರಗಳು ಮರೆತಿವೆ ಎಂಬುದನ್ನು ಗಮನಿಸಿ, 1948ರ ಅಕ್ಟೋಬರಿನಲ್ಲಿ ಶಾಲಾ ಶಿಕ್ಷಕರೂ ಪತ್ರಿಕಾ ಅಂಕಣಕಾರರೂ ಆಗಿದ್ದ ನ್ಯಾಟ್ ಡಿ. ವಿಲಿಯಮ್ಸ್ ಅವರನ್ನು ಮೈಕಿನ ಮುಂದೆ ಕೂರಿಸಿದರು. ಮರುವರ್ಷದ ಹೊತ್ತಿಗೆ ಇಡೀ ದಿನದ ಕಾರ್ಯಕ್ರಮಗಳು ಆ ಸಮುದಾಯಕ್ಕೇ ಮೀಸಲಾದವು. ಹಿಟ್ಟು, ಸಾಬೂನು, ಔಷಧಿಗಳ ಜಾಹೀರಾತುದಾರರು ತಾವಾಗಿಯೇ ಬಂದರು. 1954ರಲ್ಲಿ ಕೇಂದ್ರದ ಶಕ್ತಿ 50,000 ವಾಟ್‌ಗೆ ಏರಿತು.

ಈ ಯಶಸ್ಸಿನಲ್ಲಿ ಗಾಸ್ಪೆಲ್ ಮೂಲೆಯ ವಿಷಯವಾಗಿರಲಿಲ್ಲ. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ಇಲ್ಲಿ ನಿರೂಪಕರಾಗಿದ್ದುದು ಬಹಳ ಜನರಿಗೆ ಗೊತ್ತು. ಅವರಿಗೆ ಪಿಯಾನೊ ನುಡಿಸುತ್ತಿದ್ದ ಫೋರ್ಡ್ ನೆಲ್ಸನ್ ಅದೇ ಕೇಂದ್ರದಲ್ಲಿ ದಶಕಗಳ ಕಾಲ ಗಾಸ್ಪೆಲ್ ಕಾರ್ಯಕ್ರಮ ನಡೆಸಿದ್ದು ಅಷ್ಟಾಗಿ ಗೊತ್ತಿಲ್ಲ. ಕೇಂದ್ರವು ಬಡಮಕ್ಕಳ ಸಹಾಯಾರ್ಥ ಏರ್ಪಡಿಸುತ್ತಿದ್ದ ವಾರ್ಷಿಕ ಸಂಗೀತ ಸಭೆಯಲ್ಲಿಯೂ ಒಂದು ಭಾಗ ಗಾಸ್ಪೆಲ್ ಗಾಯಕರದ್ದೇ ಆಗಿತ್ತು.

ಇನ್ನು ಎಫ್‌ಎಂ ವಿಚಾರ. 1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಸಂಗೀತಪ್ರಿಯರಲ್ಲಿ ಹೆಚ್ಚಿನವರು ಸ್ಪಷ್ಟ ಧ್ವನಿಯ ಎಫ್‌ಎಂಗೆ ಹೊರಳಿದರು. ಎಎಂ ಕೇಂದ್ರಗಳ ಬೆಲೆ ಇಳಿದುದರಿಂದ, ಸಣ್ಣ ಬಂಡವಾಳದ ಮಾಲೀಕರು ಅವನ್ನು ಕೊಳ್ಳಲು ಸಾಧ್ಯವಾಯಿತು; ಭಾನುವಾರದ ಧರ್ಮೋಪದೇಶಕ್ಕಾಗಿ ಚರ್ಚುಗಳು ಕೊಳ್ಳುವ ಪ್ರಸಾರ ಸಮಯವೇ ಇಂತಹ ಎಷ್ಟೋ ಕೇಂದ್ರಗಳಿಗೆ ನಿಯಮಿತ ಆದಾಯ. ಎಎಂ ಪ್ರಸಾರದಲ್ಲಿ ತಾರ ಧ್ವನಿಗಳು ಮಸುಕಾಗುತ್ತವೆಯಾದರೂ ಮನುಷ್ಯಕಂಠಕ್ಕೆ ಅದರಿಂದ ಹೆಚ್ಚಿನ ನಷ್ಟವಿಲ್ಲ. ನಾಲ್ವರು ಸೇರಿ ಹಾಡುವ ಹಳೆಯ ಗಾಸ್ಪೆಲ್ ನನ್ನ ಕಿವಿಗಂತೂ ಎಎಂನಲ್ಲಿಯೇ ಹಿತ.

ಪ್ರಶ್ನೆ: ಇಂತಹ ಕೆಲವು ಕೇಂದ್ರಗಳು ಸಂಜೆಯಾಗುತ್ತಲೇ ಪ್ರಸಾರ ನಿಲ್ಲಿಸುವುದೇಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಗಲಿನಲ್ಲಿ ವಾತಾವರಣದ ಮೇಲುಭಾಗದ ಒಂದು ಪದರವು ಮಧ್ಯಮ ತರಂಗಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕ್ಷೀಣಿಸಿ, ತರಂಗಗಳು ಇನ್ನೂ ಮೇಲಿನ ಪದರದಿಂದ ಬಾಗಿ ಮರಳಿ ನೂರಾರು ಮೈಲಿ ಆಚೆ ಇಳಿಯುತ್ತವೆ. ಒಂದೇ ಕಂಪನಾಂಕದ ಕೇಂದ್ರಗಳು ಒಂದರ ಮೇಲೊಂದು ಕೇಳಿಸದಿರಲೆಂದು ಅಲ್ಲಿನ ಸರ್ಕಾರವು ಸಣ್ಣ ಕೇಂದ್ರಗಳಿಗೆ ರಾತ್ರಿ ಶಕ್ತಿಯನ್ನು ತಗ್ಗಿಸುವಂತೆ ಅಥವಾ ಪ್ರಸಾರವನ್ನೇ ನಿಲ್ಲಿಸುವಂತೆ ವಿಧಿಸಿದೆ. 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿಯನ್ನು ರಾತ್ರಿಯ ವೇಳೆ ದೂರದ ಊರುಗಳಲ್ಲಿ ಹಿಡಿದವರಿಗೆ ಈ ವಿದ್ಯಮಾನದ ಪರಿಚಯವಿರುತ್ತದೆ.