ಚುಕ್ಕೆಗಳ ಚಿತ್ರದಲ್ಲಿ ಮಿದುಳಿನ ಕೋಶಗಳು

ಪ್ರಶ್ನೆ: ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಮಿದುಳಿನ ಆರ್ಗನಾಯ್ಡ್‌ಗಳ ‘ಕೋಶ ನಕ್ಷೆ’ಯ ಕುರಿತ ಬರಹವೊಂದರಲ್ಲಿ ಬಣ್ಣಬಣ್ಣದ ಚುಕ್ಕೆಗಳ ಚಿತ್ರವಿತ್ತು. ಅದು ಮಿದುಳಿನ ಯಾವ ಭಾಗ? ಕೋಶಗಳ ಬಗೆಯನ್ನು ಹೇಗೆ ಗುರುತಿಸುತ್ತಾರೆ?

ಉತ್ತರ: ಅದು ಮಿದುಳಿನ ಯಾವ ಭಾಗವೂ ಅಲ್ಲ, ನಕ್ಷೆ ಎಂಬ ಹೆಸರೇ ಇಲ್ಲಿ ತುಸು ದಾರಿ ತಪ್ಪಿಸುತ್ತದೆ. ವಿಯೆನ್ನಾದಲ್ಲಿ ಮೆಡಲಿನ್ ಲ್ಯಾಂಕಾಸ್ಟರ್ ಮತ್ತು ಯೂರ್ಗನ್ ನೋಬ್ಲಿಕ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಮಿದುಳಿನ ಆರ್ಗನಾಯ್ಡ್ ಎಂದರೆ ಆಕರಕೋಶಗಳಿಂದ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಿಂದ) ಬೆಳೆದ, ಕೆಲವೇ ಮಿಲಿಮೀಟರ್ ಅಗಲದ ಬಿಳಿಚಿದ ಉಂಡೆ. ಕೋಶಗಳನ್ನು ಪರೀಕ್ಷಿಸಲು ಈ ಉಂಡೆಯನ್ನು ಕಿಣ್ವದಲ್ಲಿಟ್ಟು ಬಿಡಿಬಿಡಿಯಾಗಿ ಬೇರ್ಪಡಿಸುತ್ತಾರೆ. ಹೀಗಾಗಿ ಯಾವ ಕೋಶ ಎಲ್ಲಿತ್ತು ಎಂಬ ವಿವರ ಮೊದಲ ಹೆಜ್ಜೆಯಲ್ಲೇ ಅಳಿಸಿಹೋಗುತ್ತದೆ. ಬಳಿಕ ಎಣ್ಣೆಯಲ್ಲಿ ತೇಲುವ ಒಂದೊಂದು ಸೂಕ್ಷ್ಮ ಹನಿಯೊಳಗೆ ಒಂದು ಕೋಶವನ್ನೂ ಗುರುತಿನ ಸಂಕೇತ ಹೊತ್ತ ಒಂದು ಮಣಿಯನ್ನೂ ಸೇರಿಸಿ, ಆ ಕೋಶದಿಂದ ಹಿಡಿದ ಆರ್‌ಎನ್‌ಎ (ಜೀನ್ ಚುರುಕಾದಾಗ ತಯಾರಾಗುವ ಅದರ ನಕಲು) ತುಣುಕುಗಳಿಗೆ ಅದೇ ಸಂಕೇತ ಅಂಟುವಂತೆ ಮಾಡಿ, ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಎಣಿಸುತ್ತಾರೆ.

ನೀವು ಕಂಡ ಒಂದೊಂದು ಚುಕ್ಕೆಯೂ ಒಂದು ಕೋಶ. ಸಾವಿರಾರು ಜೀನ್‌ಗಳ ಎಣಿಕೆಯಲ್ಲಿ ಹೋಲಿಕೆಯಿರುವ ಕೋಶಗಳನ್ನು ಗಣಕವು ಅಕ್ಕಪಕ್ಕ ಕೂರಿಸುತ್ತದೆ. ಚಿತ್ರವನ್ನು ತಲೆಕೆಳಗಾಗಿ ಹಿಡಿದರೂ ಅರ್ಥ ಬದಲಾಗದು. ಗುಂಪಿಗೆ ಹೆಸರಿಡುವುದು ಮಾತ್ರ ಮನುಷ್ಯರ ವಿವೇಚನೆಗೆ ಬಿಟ್ಟ ಕೆಲಸ. ಸಾಕ್ಸ್-2 ಜೀನ್ ಚುರುಕಾಗಿದ್ದರೆ ಇನ್ನೂ ವಿಭಜನೆಯಾಗಬಲ್ಲ ಪೂರ್ವಜ ಕೋಶವೆಂದೂ, ಡಿಸಿಎಕ್ಸ್ ಹೆಚ್ಚಿದ್ದರೆ ಎಳೆಯ ನರಕೋಶವೆಂದೂ ಊಹಿಸಿ, ಆ ಊಹೆಯನ್ನು ನಿಜವಾದ ಭ್ರೂಣದ ಮಿದುಳಿನ ಕೋಶಗಳೊಂದಿಗೆ ಹೋಲಿಸಿ ನೋಡುತ್ತಾರೆ. 2024ರಲ್ಲಿ ಪ್ರಕಟವಾದ ಮಾನವ ನರ ಆರ್ಗನಾಯ್ಡ್ ಕೋಶ ನಕ್ಷೆಯಲ್ಲಿ 26 ಬಗೆಯ ವಿಧಾನಗಳಿಂದ ಬೆಳೆಸಿದ ಆರ್ಗನಾಯ್ಡ್‌ಗಳ 17 ಲಕ್ಷಕ್ಕೂ ಹೆಚ್ಚು ಕೋಶಗಳನ್ನು ಹೀಗೆ ಒಂದೆಡೆ ತಂದಿದ್ದಾರೆ.

ನನ್ನ ಮಟ್ಟಿಗೆ ಇಂಥ ಚಿತ್ರದಲ್ಲಿ ಇರುವ ಗುಂಪುಗಳಷ್ಟೇ ಇಲ್ಲದ ಗುಂಪುಗಳೂ ಮುಖ್ಯ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಮಿದುಳಿನ ಹೊರಗಿರುವ, ಭ್ರೂಣಕ್ಕೆ ಅಂಟಿದ ಹಳದಿಚೀಲದಿಂದ ವಲಸೆ ಬರುವಂಥವು. ಆದ್ದರಿಂದ ಬೇರೆಯಾಗಿ ಬೆಳೆಸಿ ಸೇರಿಸದಿದ್ದರೆ ಅವು ಆರ್ಗನಾಯ್ಡ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರಕ್ತನಾಳಗಳೂ ಇಲ್ಲದ ಕಾರಣ ಉಂಡೆ ದಪ್ಪವಾದಂತೆ ಆಮ್ಲಜನಕ ಒಳಗಿಳಿಯದೆ ನಡುಭಾಗದ ಕೋಶಗಳು ಸಾಯುತ್ತವೆ. ಬದುಕಿದ ಕೋಶಗಳಲ್ಲೂ ಒತ್ತಡಕ್ಕೆ ಸಂಬಂಧಿಸಿದ ಜೀನ್‌ಗಳು ಚುರುಕಾಗಿ, ಇದು ಯಾವ ಬಗೆಯ ನರಕೋಶ ಎಂದು ಖಚಿತವಾಗಿ ಹೇಳುವುದೇ ಕಷ್ಟವಾಗುತ್ತದೆ.